ಬಾಂಬು ಬೀಳದ ಬಂದರಿನಿಂದ ಬಂದವರು

ಕಳೆದ ತಿಂಗಳು ಪಕ್ಕದ ಮನೆಯ ಮಾಮ ತೀರಿಕೊಂಡ ಮೂರನೆಯ ದಿನಕ್ಕೆ ಭದ್ರಾವತಿಯ ನಮ್ಮ ಓಣಿಯ ಮೂಲೆಯಲ್ಲಿ ಒಂದು ಫ್ಲೆಕ್ಸ್ ಎದ್ದು ನಿಂತಿತು. ಮಧ್ಯದಲ್ಲಿ ಅವರ ರೇಷನ್ ಕಾರ್ಡಿನ ಫೋಟೊ. ಹಿಂದೆ ಎರಡು ಯುದ್ಧವಿಮಾನ, ಒಂದು ಟ್ಯಾಂಕು, ಹೊತ್ತಿ ಉರಿಯುವ ಎಣ್ಣೆ ಬಾವಿ. ಮೇಲೆ ಕೆಂಪಕ್ಷರದಲ್ಲಿ ‘ಕುವೈತ್ ಯುದ್ಧವೀರನಿಗೆ ಭಾವಪೂರ್ಣ ಶ್ರದ್ಧಾಂಜಲಿ’. ಕೆಳಗೆ ಶ್ರದ್ಧಾಂಜಲಿ ಸಲ್ಲಿಸುವವರ ಮುಖಗಳ ಸಾಲು. ಅದರಲ್ಲಿ ಎರಡು ಮುಖ ಮುಂದಿನ ನಗರಸಭೆ ಚುನಾವಣೆಗೆ ನಿಲ್ಲುವಂಥವು. ಸತ್ತವರ ಮುಖಕ್ಕಿಂತ ಅವೇ ಹೆಚ್ಚು ಹೊಳೆಯುತ್ತಿದ್ದವು.

ಅವರು ಕುವೈತಿಗೆ ಹೋದವರಲ್ಲ. ಯುದ್ಧ ಮಾಡಿದವರಲ್ಲ. ವೀರರಂತೂ ಅಲ್ಲವೇ ಅಲ್ಲ. ಬಚ್ಚಲಲ್ಲಿ ಜಿರಲೆ ಕಂಡರೆ ಹೆಂಡತಿಯನ್ನು ಕೂಗುತ್ತಿದ್ದರು. ಅವರು ಮೂರು ವರ್ಷ ದುಡಿದದ್ದು ಜೋರ್ಡನ್ ದೇಶದ ಅಕಾಬಾ ಎಂಬ ಬಂದರಿನಲ್ಲಿ, ಕ್ರೇನ್ ಆಪರೇಟರ್ ಆಗಿ. ಇರಾಕಿನವರು ಕುವೈತಿಗೆ ನುಗ್ಗಿದಾಗ ಜೋರ್ಡನ್ ಯಾರ ಕಡೆಯೂ ಸೇರಲಿಲ್ಲ. ಅಕಾಬಾದ ಮೇಲೆ ಒಂದು ಬಾಂಬೂ ಬೀಳಲಿಲ್ಲ.

ಇದನ್ನೆಲ್ಲ ಯುವಕ ಸಂಘದ ಅಧ್ಯಕ್ಷರಿಗೆ ಹೇಳಿದೆ. ನಮ್ಮ ಯುವಕ ಸಂಘದ ಅಧ್ಯಕ್ಷರಿಗೆ ನಲವತ್ತಾರು ವರ್ಷ.

“ಅಕ್ಕಾ, ಜೋರ್ಡನ್ ಅಂದ್ರೆ ಯಾರಿಗೆ ಗೊತ್ತಾಗುತ್ತೆ? ಕುವೈತ್ ಅಂದ್ರೆ ಒಂದು ಗೆಟಪ್ ಇರುತ್ತೆ,” ಅಂದರು.

“ಸತ್ತವರಿಗೆ ಗೆಟಪ್ ಯಾಕೆ?”

“ಸತ್ತೋರಿಗಲ್ಲ ಅಕ್ಕ, ಫ್ಲೆಕ್ಸಿಗೆ.”

ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಓಣಿಯವರಿಗೆಲ್ಲ ಅವರು ‘ಕುವೈತ್ ಮಾಮ’. ಮೊದಮೊದಲು ತಿದ್ದುತ್ತಿದ್ದರು. “ಕುವೈತ್ ಅಲ್ಲ ಮಾರಾಯ, ಅಕಾಬಾ.” “ಅದು ಕುವೈತಲ್ಲಿ ಎಲ್ಲಿ ಬರುತ್ತೆ ಮಾಮ?” ಎಂದು ಮರುಪ್ರಶ್ನೆ. ಎರಡು ವರ್ಷ ತಿದ್ದಿ ತಿದ್ದಿ ಸುಸ್ತಾಗಿ, ಆಮೇಲೆ ಆ ಹೆಸರಿಗೇ ಓಗೊಡತೊಡಗಿದರು. ಆದರೆ ಆ ಹೆಸರಿನಿಂದ ಬರುವ ಯಾವ ಲಾಭವನ್ನೂ ಮುಟ್ಟುತ್ತಿರಲಿಲ್ಲ. ವಾಪಸು ಬಂದ ದಿನ ಬೊಂಬಾಯಿಯ ವಿಮಾನ ನಿಲ್ದಾಣದಲ್ಲಿ ಯಾರೋ ಪುಣ್ಯಾತ್ಮರು ಕುವೈತಿನಿಂದ ಜೋರ್ಡನ್ ದಾರಿಯಾಗಿ ಓಡಿಬಂದವರಿಗೆ ಬನ್ನು, ಬಾಳೆಹಣ್ಣು, ಚಹಾ ಹಂಚುತ್ತಿದ್ದರಂತೆ. ಇವರೂ ಅದೇ ವಿಮಾನದಿಂದ ಇಳಿದವರು, ಹಿಂದಿನ ದಿನದಿಂದ ಹಸಿದವರು. ಬನ್ನು ಕೈಗೆ ಬರುವ ಹೊತ್ತಿಗೆ, “ನಾನು ಕುವೈತಿನೋನಲ್ಲ,” ಎಂದು ಸಾಲು ಬಿಟ್ಟು ಪಕ್ಕಕ್ಕೆ ನಿಂತರಂತೆ. ಇದನ್ನು ಹೇಳುವಾಗ ಅವರ ಹೆಂಡತಿ ಹಣೆ ಹಣೆ ಬಡಿದುಕೊಳ್ಳುತ್ತಿದ್ದರು. “ಬನ್ನಿನ ಮೇಲೆ ಕುವೈತ್ ಅಂತ ಬರ್ದಿತ್ತಾ? ತಿಂದಿದ್ರೆ ಯಾವ ದೇಶದೋರು ಬಂದು ಕಿತ್ಕೊಳ್ತಿದ್ರು ಕೇಳಿ!”

ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಮಾಮ ಇಡೀ ದಿನದಲ್ಲಿ ಆಡುವ ಮಾತನ್ನು ಅತ್ತೆ ಹಲ್ಲುಜ್ಜುವಾಗಲೇ ಆಡಿ ಮುಗಿಸುತ್ತಿದ್ದರು. ಗಲ್ಫಿನ ಕಡೆಯಿಂದ ಬರುವವರು ಟೇಪ್‌ರೆಕಾರ್ಡರು, ಸೆಂಟು, ಹುಲಿಚಿತ್ರದ ರಗ್ಗು ತರುತ್ತಾರೆ. ಮಾಮ ತಂದದ್ದು ಒಂದು ಹಳದಿ ಹೆಲ್ಮೆಟ್ಟು, ಅದರ ಮೇಲೆ ಅರಬ್ಬಿಯಲ್ಲಿ ಏನೋ ಬರಹ. ಅತ್ತೆ ಅದನ್ನು ಅಡಿಗೆಮನೆಯಲ್ಲಿ ಮಗುಚಿಟ್ಟು ಈರುಳ್ಳಿ ತುಂಬಿದರು. ಬಂದ ಹೆಂಗಸರಿಗೆಲ್ಲ ತೋರಿಸುವರು: “ನೋಡ್ರಮ್ಮ, ಮೂರು ವರ್ಷ ಫಾರಿನ್ನಲ್ಲಿ ದುಡಿದು ಈರುಳ್ಳಿ ಬುಟ್ಟಿ ತಂದಿದಾರೆ.”

ಅವರು ಬಂದು ಎರಡು ಮೂರು ತಿಂಗಳಿಗೆ ನಿಜವಾದ ಯುದ್ಧ ಶುರುವಾಯಿತು, ಅಂದರೆ ನಮ್ಮ ಬಸ್‌ಸ್ಟ್ಯಾಂಡಿನ ಪಕ್ಕದ ಟೀ ಹೋಟೆಲಿನಲ್ಲಿ. ಎಡಗಡೆಯ ಬೆಂಚು ಇರಾಕಿನದು, ಬಲಗಡೆಯ ಬೆಂಚು ಅಮೆರಿಕದ್ದು. ಕ್ಷಿಪಣಿಯೊಂದು ಎಷ್ಟು ದೂರ ಹಾರುತ್ತದೆ ಎಂದು ತರೀಕೆರೆ ದಾಟಿ ನೋಡದವರು ಬೆರಳು ಮಡಿಸಿ ಲೆಕ್ಕ ಹೇಳುತ್ತಿದ್ದರು. ಸೇನಾಪತಿಗಳಿಗೆ ಸಲಹೆ ಕೊಟ್ಟು ಕೊಟ್ಟು ಗಂಟಲು ಒಣಗಿದಾಗ ಅರ್ಧರ್ಧ ಟೀ. ಇಂಥಲ್ಲಿಗೆ ಕಣ್ಣಾರೆ ಕಂಡು ಬಂದ ಮನುಷ್ಯ ಸಿಕ್ಕರೆ ಬಿಡುತ್ತಾರೆಯೇ? ಮಧ್ಯದಲ್ಲೊಂದು ಸ್ಟೂಲು ಹಾಕಿ ಕೂರಿಸಿದರು. ನಮ್ಮಪ್ಪ ಅಲ್ಲಿದ್ದರು, ಮನೆಗೆ ಬಂದು ಹಾಗೇ ಒಪ್ಪಿಸಿದರು.

“ಹೇಳಿ ಮಾಮ, ಯಾರು ಗೆಲ್ತಾರೆ? ನೀವು ನೋಡಿ ಬಂದೋರು.”

“ನಾನು ನೋಡಿದ್ದು ಹಡಗು ಬರದೇ ಇದ್ದಿದ್ದು.”

“ಅದರಲ್ಲಿ ನೋಡೋಕೇನಿದೆ?”

“ಅದನ್ನೇ ಒಂದೂವರೆ ತಿಂಗಳು ನೋಡಿದೆ ಮಾರಾಯ. ಕ್ರೇನ್ ಮೇಲೆ ಕೂತ್ಕೊಂಡು.”

ಎರಡೂ ಬೆಂಚಿನವರು ಮೊದಲ ಬಾರಿಗೆ ಒಂದಾಗಿ, ಈ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ, ಫಾರಿನ್ನಿಗೇ ಹೋಗಿಲ್ಲ, ಬೊಂಬಾಯಿಯಲ್ಲೆಲ್ಲೋ ಇದ್ದು ಬಂದಿದ್ದಾನೆ ಎಂದು ತೀರ್ಮಾನಿಸಿದರು. ಸ್ಟೂಲು ವಾಪಸಾಯಿತು. ಟೀಯ ದುಡ್ಡನ್ನೂ ಮಾಮನೇ ಕೊಟ್ಟು ಬರಬೇಕಾಯಿತು.

ಅವರು ಹೇಳಿದ್ದು ಮಾತ್ರ ಸರಿಯಾಗಿಯೇ ಇತ್ತು. ಜೋರ್ಡನಿಗೆ ಇರುವುದು ಅದೊಂದೇ ಬಂದರು. ಪಕ್ಕದ ಇರಾಕಿಗೆ ಹೋಗುವ ಅಕ್ಕಿ, ಸಕ್ಕರೆ, ಕಬ್ಬಿಣವೆಲ್ಲ ಅಲ್ಲಿ ಇಳಿದು ಲಾರಿ ಹತ್ತುತ್ತಿತ್ತು. ಯುದ್ಧದ ಗಾಳಿ ಎದ್ದಾಗ ಆ ದೇಶದವರು ನಮಗೆ ಎರಡೂ ಕಡೆಯವರು ಬೇಕು ಎಂದರು. ಅವತ್ತಿನಿಂದ ಎರಡೂ ಕಡೆಯವರು ಅವರನ್ನು ಶತ್ರುವಿನ ಕಡೆಯವರೆಂದು ಬಗೆದರು. ದೂರದಲ್ಲಿ, ಕೊಲ್ಲಿಯ ಬಾಯಲ್ಲಿ, ಪರದೇಶದ ಯುದ್ಧನೌಕೆಗಳು ನಿಂತು ಬರುವ ಹೋಗುವ ಹಡಗುಗಳನ್ನು ತಡೆದು ಜಾಲಾಡತೊಡಗಿದವು. ಈ ರಗಳೆ ಯಾರಿಗೆ ಬೇಕು ಎಂದು ಹಡಗಿನ ಕಂಪನಿಗಳು ಆ ಕಡೆ ತಲೆಹಾಕುವುದನ್ನೇ ಬಿಟ್ಟವು. ಒಂದು ಗುಂಡು ಹಾರದೆ ಒಂದು ಊರು ಬರಿದಾಯಿತು. ಹೋಟೆಲಿನವರಿಗೆ ಇದು ಯುದ್ಧ ಅನ್ನಿಸಲಿಲ್ಲ. ಟಿ.ವಿ.ಯಲ್ಲಿ ತೋರಿಸದಿದ್ದದ್ದು ಯುದ್ಧ ಹೇಗಾದೀತು?

ಆ ದೇಶದ ಗುಣ ಇವರಿಗೆ ಅಂಟಿತ್ತೋ, ಇವರ ಗುಣ ನೋಡಿ ಆ ದೇಶ ಕರೆಸಿಕೊಂಡಿತ್ತೋ ಗೊತ್ತಿಲ್ಲ. ಯಾವ ಜಗಳದಲ್ಲೂ ಯಾವ ಕಡೆಗೂ ಸೇರುವವರಲ್ಲ. ನಮ್ಮ ಓಣಿಯಲ್ಲಿ ಮೈಕ್‌ಸೆಟ್ಟಿನ ವಿಷಯಕ್ಕೆ ಜಗಳವಾಗಿ ಗಣಪತಿಗಳು ಎರಡಾದವು, ಎದುರುಬದುರು. ಊರೆಲ್ಲ ಒಂದು ಗಣಪತಿಗೆ ಕೈಮುಗಿದು ಇನ್ನೊಂದಕ್ಕೆ ಬೆನ್ನು ತೋರಿಸಿ ನಡೆಯುತ್ತಿದ್ದರೆ ಇವರು ಎರಡೂ ಕಡೆ ಹೋಗಿ ಪಂಚಕಜ್ಜಾಯ ಇಸಿದುಕೊಂಡು, ಮಧ್ಯ ರಸ್ತೆಯಲ್ಲಿ ನಿಂತು ತಿಂದರು. ಎರಡೂ ಕಡೆಯವರು ಮುಂದಿನ ವರ್ಷ ಇವರ ಮನೆಗೆ ಪ್ರಸಾದ ಕಳಿಸಲಿಲ್ಲ. ಬೀದಿ ನಲ್ಲಿಯಲ್ಲಿ ಅತ್ತೆಗೂ ಹಿಂದಿನ ಮನೆಯ ತಮಿಳಮ್ಮನಿಗೂ ಕೊಡಪಾನದ ಸರದಿಗಾಗಿ ಕೈಕೈ ಮಿಲಾಯಿಸುವ ಹಂತ ಬಂದಾಗ, “ಯಾರು ಮೊದಲು ಬಂದಿದ್ದು, ಹೇಳ್ರಿ!” ಎಂದು ಅತ್ತೆ ಗಂಡನನ್ನೇ ಸಾಕ್ಷಿಗೆ ಕರೆದರು.

ಮಾಮ ಯೋಚಿಸಿ ಹೇಳಿದರು: “ಅವರು.”

ಮೂರು ದಿನ ಅವರಿಗೆ ಸಾರಿಲ್ಲದ ಅನ್ನ. ಹಾಗೆ ನೋಡಿದರೆ ಅವರು ತಟಸ್ಥರೂ ಅಲ್ಲ ಎಂಬುದನ್ನು ನಾವು ಆಗಲೇ ಗಮನಿಸಬೇಕಿತ್ತು. ಗಮನಿಸಲಿಲ್ಲ, ನಕ್ಕೆವು.

ಕೈಸನ್ನೆ ಅವರ ಮಾತೃಭಾಷೆ. ಆ ಬಂದರಿನಲ್ಲಿ ಈಜಿಪ್ಟಿನವರು, ಫಿಲಿಪೀನ್ಸಿನವರು, ಸಿಂಹಳದವರು, ಎಲ್ಲರಿಗೂ ಬರುವ ಒಂದೇ ಭಾಷೆ ಅದಂತೆ. ಊಟಕ್ಕೆ ಕೂತರೆ ಬೆರಳನ್ನು ಗಾಳಿಯಲ್ಲಿ ಸುತ್ತಿದರೆ ಇನ್ನೊಂದು ಸೌಟು, ಅಂಗೈ ಕೆಳಗೆ ಮಾಡಿದರೆ ನಿಧಾನ, ಮುಷ್ಟಿ ಹಿಡಿದರೆ ಸಾಕು. “ನಾನೇನು ಕ್ರೇನಾ?” ಎಂದು ಅತ್ತೆ ಪಾತ್ರೆ ಕುಕ್ಕಿ ಒಳಗೆ ಹೋಗುತ್ತಿದ್ದರು. ಒಂದು ಭಾನುವಾರ ನಮ್ಮೆರಡು ಮನೆಯವರೂ ಬುತ್ತಿ ಕಟ್ಟಿಕೊಂಡು ಗಾಜನೂರಿಗೆ ಹೋಗಿದ್ದೆವು. ನಾವೆಲ್ಲ ತುಂಗೆಯ ನೀರಿಗಿಳಿದು ಬಂದೆವು, ಚಿತ್ರಾನ್ನ ತಿಂದೆವು, ಜಗಳವಾಡಿದೆವು. ಮಾಮ ಎರಡು ಗಂಟೆ ಕಾಲ ಅಣೆಕಟ್ಟಿನ ಗೇಟೆತ್ತುವ ಯಂತ್ರವನ್ನೇ ನೋಡುತ್ತ ನಿಂತಿದ್ದರು. “ಚೆನ್ನಾಗಿದೆಯಾ ಮಾಮ?” ಎಂದರೆ, “ಗ್ರೀಸ್ ಹಾಕಿಲ್ಲ,” ಅಂದರು. ಅವರ ಪ್ರವಾಸ ಕಥನ ಅಷ್ಟೇ.

ಇಂಥವರಿಗೆ ಮತ್ತೆ ಕೆಲಸ ಸಿಕ್ಕಿದ್ದು ಶಿವಮೊಗ್ಗ ರಸ್ತೆಯ ಒಂದು ಖಾಸಗಿ ಫೌಂಡ್ರಿಯಲ್ಲಿ. ಎರಕದ ದೊಡ್ಡ ದೊಡ್ಡ ಕಬ್ಬಿಣದ ಅಚ್ಚುಗಳನ್ನು ಎತ್ತಿ ಲಾರಿಗೆ ಇಡುವ ಕ್ರೇನು. ಛಾವಣಿಯ ಕೆಳಗೆ ಹಳಿಯ ಮೇಲೆ ಓಡುವಂಥದ್ದು, ಒಂದು ಮೂಲೆಯಲ್ಲಿ ಗೂಡಿನಂಥ ಕ್ಯಾಬಿನ್. ಅದೇ ಫೌಂಡ್ರಿಯಲ್ಲಿ ನಮ್ಮಪ್ಪ ಕಾಂಟ್ರಾಕ್ಟ್ ಕೂಲಿ. ಇಬ್ಬರೂ ಬೆಳಿಗ್ಗೆ ಒಂದೇ ಬಸ್ಸಿಗೆ ಹೋಗುವರು, ದಾರಿಯುದ್ದಕ್ಕೂ ಒಂದು ಮಾತೂ ಆಡದೆ. ಅಪ್ಪನೂ ಮಾತಿನ ಮನುಷ್ಯನಲ್ಲ. ಸಂಬಳ ಪಟ್ಟಿಯಲ್ಲಿ ಅಪ್ಪನದು ಹೆಬ್ಬೆಟ್ಟು. ಆ ಹೆಬ್ಬೆಟ್ಟಿನ ಮನೆಯಲ್ಲಿ ಬಿ.ಕಾಂ. ಮುಗಿಸಿದವಳು ನಾನು. ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು. ಇದನ್ನು ನಾನು ಎಲ್ಲ ಕಡೆ ಹೇಳುತ್ತೇನೆ, ಇಲ್ಲೂ ಹೇಳಿದೆ. ಇಸ್ತ್ರಿ ಇಲ್ಲದ ಎರಡು ಲಂಗದಲ್ಲಿ ಮೂರು ವರ್ಷ ಕಾಲೇಜು ಮುಗಿಸಿದವರಿಗೆ ಅಷ್ಟು ಹಕ್ಕಿರುತ್ತದೆ.

ಪದವಿ ಬಂತು, ಕೆಲಸ ಬರಲಿಲ್ಲ. ಶಿವಮೊಗ್ಗಕ್ಕೆ ದಿನಾ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ಮನೆ ನಡೆಯುತ್ತಿದ್ದದ್ದು ಅಪ್ಪನ ಗೇಟ್ ಪಾಸಿನ ಮೇಲೆ. ಅದು ಕಂತ್ರಾಟುದಾರ ಕೊಟ್ಟ ಒಂದು ರಟ್ಟಿನ ತುಂಡು. ಅದಿದ್ದರೆ ಒಳಗೆ, ಇಲ್ಲದಿದ್ದರೆ ರಸ್ತೆ. ಒಂದು ಬುಧವಾರ ಅಪ್ಪ ಮಧ್ಯಾಹ್ನವೇ ಮನೆಗೆ ಬಂದರು. ಪಾಸು ಕಿತ್ತುಕೊಂಡಿದ್ದರು.

ಆದದ್ದು ಇಷ್ಟು. ಅರ್ಜೆಂಟಿನ ಲೋಡು. ಭಾರ ಎತ್ತುವಾಗ ಕೆಳಗಿನಿಂದ ಸನ್ನೆ ಮಾಡಲು ಒಬ್ಬ ಖಲಾಸಿ ಇರುತ್ತಾನೆ, ಕ್ರೇನಿನವರು ಅವನ ಕೈಯನ್ನೇ ನೋಡಿ ನಡೆಸಬೇಕು. ಅವತ್ತು ಖಲಾಸಿ ಬೀಡಿಗೆ ಹೋಗಿದ್ದ. ತಡೆಯಲಾರದೆ ಸೂಪರ್‌ವೈಸರೇ ನಿಂತು, “ಹಬೇಸ್! ಹಬೇಸ್!” ಎಂದು ಕೂಗಿ ಬೆರಳು ಸುತ್ತಿದ. ಹಬೇಸ್ ಎಂದರೆ ಎತ್ತು. ಭಾರ ಮೇಲೆದ್ದಿತು. ಲಾರಿಯ ಪಕ್ಕದಲ್ಲಿದ್ದ ನಮ್ಮಪ್ಪನಿಗೆ, ಭಾರಕ್ಕೆ ಸುತ್ತಿದ್ದ ತಂತಿಹಗ್ಗದ ಎಳೆಗಳು ಒಂದೊಂದೇ ಬಿಚ್ಚಿಕೊಳ್ಳುವುದು ಕಂಡಿತು. ಭಾರ ಈ ಲಾರಿಯನ್ನು ದಾಟಿ ಹಿಂದಿನ ಲಾರಿಗೆ ಸಾಗುವ ದಾರಿಯಲ್ಲಿ ನಾಲ್ಕು ಜನ ಕೂಲಿಗಳು ಕೂತಿದ್ದರು. ಅಪ್ಪ ನಿಲ್ಲಿಸು ಎಂದು ಎರಡೂ ಕೈಯನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದರು. ಮೇಲಿದ್ದ ಮಾಮ ಗಕ್ಕನೆ ನಿಲ್ಲಿಸಿದರು. ನಿಲ್ಲಿಸಿದ ಹೊಡೆತಕ್ಕೆ ಹಗ್ಗ ತುಂಡಾಗಿ ಎರಕದ ಅಚ್ಚು ಲಾರಿಯ ಮೇಲೆ ಬಿದ್ದು ಬಿರುಕು ಬಿಟ್ಟಿತು. ಲಾರಿ ಮುರಿಯಿತು. ತಪ್ಪಿಸಿಕೊಳ್ಳಲು ಹಾರಿದ ಸೂಪರ್‌ವೈಸರನ ಮುಂಗೈ ಮುರಿಯಿತು. ಕೂತಿದ್ದ ನಾಲ್ಕು ಜನ ಬೀಡಿ ಆರಿಸಿ ಎದ್ದರು.

ಕಂಪನಿಯ ಬುದ್ಧಿ ನೋಡಿ. ನಾಲ್ಕು ಜನ ಉಳಿದದ್ದಕ್ಕೆ ಕಾಗದಪತ್ರವಿಲ್ಲ, ಅಚ್ಚು ಒಡೆದದ್ದಕ್ಕೆ ಇದೆ. ಆದ್ದರಿಂದ ಅಚ್ಚಿನ ವಿಷಯದಲ್ಲಿ ಮಾತ್ರ ವಿಚಾರಣೆ. ಸನ್ನೆ ಮಾಡುವ ಅಧಿಕಾರವಿಲ್ಲದ ಒಬ್ಬ ಕಾಂಟ್ರಾಕ್ಟ್ ಕೂಲಿ ಕೈ ಬೀಸಿದ್ದರಿಂದ ನಷ್ಟವಾಯಿತು ಎಂದು ಮೊದಲೇ ಬರೆದಿಟ್ಟು, ಶನಿವಾರ ನಿಜಾಂಶ ತಿಳಿಯಲು ಸಭೆ ಕರೆದರು.

ಗುರುವಾರ ಬೆಳಿಗ್ಗೆ ಯೂನಿಯನ್ನಿನ ಮುಖಂಡರು ನಮ್ಮ ಮನೆಗೆ ದಯಮಾಡಿಸಿದರು. ಯೂನಿಯನ್ನು ಪರ್ಮನೆಂಟಿನವರದು, ಕಾಂಟ್ರಾಕ್ಟಿನವರು ಸತ್ತರೂ ಅವರ ಕಣ್ಣಿಗೆ ಬೀಳುವುದಿಲ್ಲ. ಆದರೆ ಆ ಸೂಪರ್‌ವೈಸರ್ ಮೇಲೆ ಅವರಿಗೆ ಹಳೆಯ ಹಗೆ. ನಮ್ಮಪ್ಪನ ಮೇಲೆ ಒಮ್ಮೆಗೇ ಮಮತೆ ಉಕ್ಕಿತ್ತು.

“ನೋಡಮ್ಮ, ನೀನು ಗ್ರ್ಯಾಜುಯೇಟು. ಇಂಗ್ಲಿಷಲ್ಲಿ ಒಂದು ಸ್ಟೇಟ್‌ಮೆಂಟ್ ಬರಿ. ಸೂಪರ್‌ವೈಸರ್ ಕುಡಿದಿದ್ದ ಅಂತ. ಕ್ರೇನಿನೋರ ಹತ್ರ ಸೈನ್ ಹಾಕ್ಸು. ನಿಮ್ಮಪ್ಪನ ಪಾಸು ನನ್ನ ಜವಾಬ್ದಾರಿ.”

“ಕುಡಿದಿದ್ರಾ ಸಾರ್?”

“ಕುಡಿಯೋನೇ ಅಲ್ವಾ? ಅವತ್ತು ಕುಡಿದಿರ್ಲಿಲ್ಲ ಅಂತ ಯಾರು ಹೇಳ್ತಾರೆ?”

ವಾದ ಬಿಗಿಯಾಗಿದೆ ಅನ್ನಿಸಿತು. ಎರಡು ಪುಟ ಬರೆದೆ, ಕಾರ್ಬನ್ ಇಟ್ಟು. ನಿಘಂಟಿನಿಂದ ‘ಇನೀಬ್ರಿಯೇಟೆಡ್’ ಎಂಬ ಪದ ಹುಡುಕಿ ಹಾಕಿದೆ. ಬರೆದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿಕೊಂಡೆ. ಅಪ್ಪ ಗೋಡೆಗೆ ಒರಗಿ ಕೇಳುತ್ತ, ಅರ್ಥವಾಗದಿದ್ದರೂ ಹೆಮ್ಮೆಯಿಂದ ತಲೆಯಾಡಿಸಿದರು. ನನ್ನ ಪದವಿಯನ್ನು ನಾನು ಮೊದಲ ಬಾರಿಗೆ ಉಪಯೋಗಿಸಿದ್ದು ಹೀಗೆ.

ಶುಕ್ರವಾರ ಸಂಜೆ ಬಿಸಿಲಿರುವಾಗಲೇ ಹೋದೆ. ಮಾಮ ಜಗಲಿಯ ಮೇಲೆ ಕೂತು ಟಿ.ವಿ.ಎಸ್. ಮೊಪೆಡ್ಡಿನ ಪ್ಲಗ್ಗು ಉಜ್ಜುತ್ತಿದ್ದರು. ಕೈ ಒರೆಸಿಕೊಂಡು ಎರಡೂ ಪುಟ ಓದಿದರು. ಬಂದರಿನಲ್ಲಿದ್ದವರು, ಇಂಗ್ಲಿಷು ನಿಧಾನವಾಗಿ ಓದಲು ಬರುತ್ತಿತ್ತು. ಒಂದು ಪದದ ಮೇಲೆ ಬೆರಳಿಟ್ಟರು.

“ಇದೇನು?”

“ಕುಡಿದಿದ್ರು ಅಂತ ಮಾಮ.”

“ಕುಡಿದಿರ್ಲಿಲ್ಲ ಮಾರಾಯ್ತಿ. ಆತುರದಲ್ಲಿದ್ದ. ಅದಕ್ಕೆ ಇಂಗ್ಲಿಷಲ್ಲಿ ಏನಂತಾರೆ?”

“ಅದನ್ನ ಬರೆದ್ರೆ ಕೆಲಸ ಆಗಲ್ಲ ಮಾಮ.”

“ಹಂಗಾದ್ರೆ ಬೇಡ.” ಕಾಗದ ಮಡಿಸಿ ನನ್ನ ಕೈಗೇ ಇಟ್ಟರು.

ನನಗೆ ಮೈಯೆಲ್ಲ ಉರಿಯಿತು. ಬಾಯಿಗೆ ಬಂದದ್ದೆಲ್ಲ ಆಡಿದೆ. “ನಿಮಗೇನು ಮಾಮ, ಎರಡು ಗಣಪತಿ ಹತ್ರನೂ ಪ್ರಸಾದ ತಿನ್ನೋರು. ಮ್ಯಾನೇಜರ್ ಕಣ್ಣಲ್ಲೂ ಒಳ್ಳೆಯೋರಾಗಿರ್ಬೇಕು, ಯೂನಿಯನ್ ಕಣ್ಣಲ್ಲೂ ಒಳ್ಳೆಯೋರಾಗಿರ್ಬೇಕು. ಮಧ್ಯದಲ್ಲಿ ನಮ್ಮಪ್ಪ ಹೋದ್ರೆ ಹೋಗ್ಲಿ. ನಿಮ್ಮ ಜೀವ ಉಳಿದಿದ್ದೂ ಹಂಗೇ ಅಲ್ವಾ? ಯಾರ ಕಡೆಗೂ ಸೇರದ ಊರಲ್ಲಿ ಕೂತು, ಎಲ್ಲರೂ ಸಾಯೋದನ್ನ ನೋಡಿ, ಒಂದು ಗಾಯ ಇಲ್ಲದೆ ಬಂದ್ರಲ್ಲ!”

ಒಳಗೆ ಅತ್ತೆಯ ಪಾತ್ರೆ ಸದ್ದು ನಿಂತಿತು. ಮಾಮ ಪ್ಲಗ್ಗನ್ನು ಬಟ್ಟೆಯ ಮೇಲಿಟ್ಟರು. ಆಮೇಲೆ ಅವರು ಆಡಿದಷ್ಟು ಮಾತು ಹಿಂದೆ ಕೇಳಿರಲಿಲ್ಲ, ಮುಂದೂ ಕೇಳಲಿಲ್ಲ.

“ನಮ್ಮ ಬಂದರಲ್ಲಿ ಯಾರಿಗೂ ಏನೂ ಆಗಲಿಲ್ಲ ಅಂತ ಯಾರು ಹೇಳಿದ್ರು ನಿಂಗೆ?” ಅಂದರು. “ಇರಾಕಲ್ಲಿ, ಕುವೈತಲ್ಲಿ ದುಡೀತಿದ್ದ ಈಜಿಪ್ಟಿನೋರೆಲ್ಲ ಓಡಿ ಬಂದ್ರು. ಅವರ ಊರಿಗೆ ಹೋಗೋಕೆ ನಮ್ಮ ಬಂದರೇ ದಾರಿ. ದಿನಾ ಸಾವಿರ ಸಾವಿರ ಜನ. ಫ್ಯಾನು, ಹಾಸಿಗೆ, ಕುಕ್ಕರು ಹೊತ್ಕೊಂಡು ಬಿಸಿಲಲ್ಲಿ ಬಿದ್ದಿರ್ತಿದ್ರು. ಹಡಗು ಸಾಲದು. ಬಂದರಲ್ಲಿ ಉಳಿದಿದ್ದ ಸರಕಿನ ಹಡಗಿಗೇ ಹತ್ತಿಸೋಕೆ ಶುರು ಮಾಡಿದ್ರು. ಸಾಮಾನು ಬಲೆಗೆ ತುಂಬಿ ಕ್ರೇನಲ್ಲಿ ಎತ್ತೋದು. ಎತ್ತೋನು ನಾನು. ಕೆಳಗೆ ನಿಂತೋರೆಲ್ಲ ಕೈ ಬೀಸೋರೇ, ನಂದು ಮೊದಲು, ನಂದು ಮೊದಲು ಅಂತ. ಬಾಸ್ ಹೇಳಿದ್ದ, ಇವತ್ತು ಯಾರ ಕೈನೂ ನೋಡ್ಬೇಡ, ನಮ್ಮ ಖಲಾಸಿ ಕೈ ಒಂದೇ ನೋಡು ಅಂತ.”

ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದು ತೋರಿಸಿದರು.

“ಒಬ್ಬ ಹಿಂಗೆ ಅಡ್ಡ ಕೈ ಹಿಡಿದ. ಕುಣೀತಿದ್ದ. ನಾನು ನೋಡ್ದೆ. ನೋಡಿಲ್ಲ ಅಂತ ಹೇಳಲ್ಲ. ಇವನೂ ಸಾಮಾನಿನ ಗಲಾಟೆಯೋನು ಅಂದ್ಕೊಂಡೆ. ಅವನ ತಮ್ಮನ ಕಾಲು ಬಲೆಗೆ ಸಿಕ್ಕಿತ್ತು. ಬಲೆ ಜೊತೆ ಅವನೂ ಮೇಲೆ ಬಂದ. ಎರಡು ಮಾಳಿಗೆ ಎತ್ತರ ಬಂದ, ಆಮೇಲೆ ಕಾಲು ಬಿಡಿಸ್ಕೊಳ್ತು.”

“ಸತ್ತೋದ್ನಾ?”

“ಗೊತ್ತಿಲ್ಲ. ಸಾಮಾನಿನ ಜೊತೆ ಅವನನ್ನೂ ಹತ್ತಿಸಿದ್ರು. ಹಡಗು ಹೊರಟೋಯ್ತು. ಯಾರೂ ಏನೂ ಕೇಳ್ಲಿಲ್ಲ. ಯುದ್ಧದ ಟೈಮು, ಯಾರು ಕೇಳ್ತಾರೆ? ನಾನೂ ಹೇಳ್ಲಿಲ್ಲ.” ಪ್ಲಗ್ಗನ್ನು ಕೈಗೆತ್ತಿಕೊಂಡು ಮತ್ತೆ ಉಜ್ಜತೊಡಗಿದರು. “ನಾಳೆ ಬರ್ತೀನಿ. ಆಗಿದ್ದನ್ನ ಹೇಳ್ತೀನಿ. ಆ ಕಾಗದ ತರ್ಬೇಡ.”

ಶನಿವಾರ ಅಪ್ಪನ ಜೊತೆ ಓದಲು ಬರೆಯಲು ಬರುವವಳೆಂದು ನಾನೂ ಹೋದೆ. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಬಾಗಿಲು ತೆರೆದೇ ಇತ್ತು. ಮೇಜಿನ ಹಿಂದೆ ಮ್ಯಾನೇಜರು, ಪಕ್ಕದಲ್ಲಿ ಮುಂಗೈಗೆ ಪಟ್ಟಿ ಕಟ್ಟಿಕೊಂಡ ಸೂಪರ್‌ವೈಸರು, ಎದುರಿಗೆ ಯೂನಿಯನ್ ಮುಖಂಡರು, ಗೋಡೆಗೆ ಅಂಟಿಕೊಂಡು ನಮ್ಮಪ್ಪ. ಬಿಸ್ಕತ್ತಿನ ತಟ್ಟೆ ಮೂವರಿಗೆ ಸುತ್ತಿತು.

ಮ್ಯಾನೇಜರು ಮುಂದೆ ನಿಂತಿದ್ದ ಮಾಮನನ್ನು ಕೇಳಿದರು: “ಕಾಂಟ್ರಾಕ್ಟ್ ಕೂಲಿ ಕೈ ತೋರಿಸಿದ ಅಂತ ನಿಲ್ಲಿಸಿಬಿಟ್ರಾ? ಅವನಿಗೆ ಸಿಗ್ನಲ್ ಕೊಡೋ ಅಧಿಕಾರ ಇದೆಯೇನ್ರೀ?”

“ಎತ್ತು ಅನ್ನೋಕೆ ಇಲ್ಲ ಸಾರ್. ನಿಲ್ಸು ಅನ್ನೋಕೆ ಎಲ್ಲರಿಗೂ ಇದೆ.”

“ಎಲ್ಲರಿಗೂ ಅಂದ್ರೆ?”

“ಎಲ್ಲರಿಗೂ ಸಾರ್. ಕಸ ಗುಡಿಸೋರು ಹೇಳಿದ್ರೂ ನಿಲ್ಲಿಸ್ಬೇಕು. ಕ್ರೇನಿನ ಕಾಯಿದೆ ಅದು. ಅವರು ತೋರಿಸ್ದೇ ಇದ್ದಿದ್ರೆ ಇವತ್ತು ಇಲ್ಲಿ ಪೊಲೀಸ್ನೋರು ಕೂತಿರ್ತಿದ್ರು.”

ಮುಖಂಡರು ಹುರುಪಿನಿಂದ ಮುಂದೆ ಬಾಗಿದರು. “ಎತ್ತು ಅಂದೋರು ಯಾವ ಸ್ಥಿತಿಯಲ್ಲಿದ್ರು, ಅದನ್ನ ಹೇಳಿ.”

“ಆತುರದಲ್ಲಿದ್ರು.”

“ವಾಸನೆ ಗೀಸನೆ?”

“ನಾನು ಮೇಲಿರ್ತೀನಿ. ಅಲ್ಲಿಗೆ ಬರೋದು ಹೊಗೆ ಒಂದೇ.”

ಮುಖಂಡರು ಹಿಂದಕ್ಕೆ ಒರಗಿದರು. ಅವರ ಮಟ್ಟಿಗೆ ವಿಚಾರಣೆ ಮುಗಿದಿತ್ತು, ಬಿಸ್ಕತ್ತು ತೆಗೆದುಕೊಂಡರು. ಮ್ಯಾನೇಜರು ಬಿಡಲಿಲ್ಲ. ನಷ್ಟಕ್ಕೊಬ್ಬ ಆಸಾಮಿ ಬೇಕಲ್ಲ. “ಹಗ್ಗ ಹಾಳಾಗಿದ್ದು ಕೂಲಿಯವನಿಗೆ ಕಾಣುತ್ತೆ, ಬೇರೆ ಯಾರಿಗೂ ಕಾಣಲಿಲ್ಲ. ನಂಬೋ ಮಾತೇನ್ರೀ ಇದು?”

“ನಂಗೆ ಕಂಡಿತ್ತು ಸಾರ್.”

ಇಲ್ಲಿಯತನಕ ಮಾಮ ಯಾರ ಕಡೆಗೂ ವಾಲಿರಲಿಲ್ಲ. ಈಗ ತಮ್ಮದೇ ಎದುರು ಕಡೆಗೆ ಹೋಗಿ ನಿಂತರು.

“ಬೆಳಿಗ್ಗೆನೇ ಎರಡು ಎಳೆ ಬಿಟ್ಟಿತ್ತು. ಈ ಸೂಪರ್‌ವೈಸರ್‌ಗೆ ಹೇಳ್ದೆ, ಮಧ್ಯಾಹ್ನ ಬದಲಾಯಿಸೋಣ ಅಂದ್ರು. ಸರಿ ಅಂತ ಮೇಲೆ ಹತ್ತಿ ಕೂತೆ. ಹತ್ಬಾರ್ದಿತ್ತು. ಕೂಲಿಯೋರ ತಪ್ಪಿಲ್ಲ ಸಾರ್. ತಪ್ಪು ನಂದು, ಇವರದು.”

ಬಾಗಿಲ ಸಂದಿಯಿಂದ ನನಗೆ ಕಂಡದ್ದು ಮ್ಯಾನೇಜರ ಮುಖ. ಕಳೆದುಹೋದ ಚಪ್ಪಲಿ ಸಿಕ್ಕವರ ಮುಖ. ಮೂಲೆಯಲ್ಲಿ ಕೂತಿದ್ದ ಗುಮಾಸ್ತ ಬರೆದುಕೊಂಡ. ‘ಇವರದು’ ಎಂಬ ಕೊನೆಯ ಪದ ಬರೆಯುವಾಗ ಪೆನ್ನಿನ ಶಾಯಿ ಮುಗಿದಿರಬೇಕು. ವರದಿಯಲ್ಲಿ ಅದು ಬರಲಿಲ್ಲ. ಹಗ್ಗ ಹಾಳಾದದ್ದು ತಿಳಿದೂ ಭಾರ ಎತ್ತಿದ ಕ್ರೇನ್ ಆಪರೇಟರ್, ತಪ್ಪೊಪ್ಪಿಕೊಂಡಿದ್ದಾನೆ, ಅಷ್ಟೇ. ಸೂಪರ್‌ವೈಸರು ಮುರಿದ ಕೈಯಿಂದಲೇ ಮ್ಯಾನೇಜರಿಗೆ ನಮಸ್ಕಾರ ಮಾಡಿದ. ಹೊರಗೆ ಬಂದ ಮುಖಂಡರು ನನಗೆ ಹೇಳಿದರು: “ಮೆಂಬರ್ ಆಗಿದ್ದಿದ್ರೆ ಏನಾದ್ರೂ ಮಾಡ್ಬೋದಿತ್ತಮ್ಮ. ಪಾಪ, ಪ್ರಪಂಚಜ್ಞಾನ ಇಲ್ಲ ಅವರಿಗೆ.”

ಮಾಮನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದರೆ ಲೇಬರ್ ಆಫೀಸು ಗೀಬರ್ ಆಫೀಸು ಎಂದು ತೊಂದರೆ. ಕ್ರೇನಿನಿಂದ ಇಳಿಸಿ, ಗೇಟಿನ ಪಕ್ಕದ ತೂಕದ ಸೇತುವೆಗೆ ಹಾಕಿದರು. ಲಾರಿ ಬಂದರೆ ತೂಕ ನೋಡಿ ಚೀಟಿ ಹರಿದು ಕೊಡುವ ಕೆಲಸ. ರಿಟೈರ್ ಆಗುವವರೆಗೂ ಅಲ್ಲೇ ನೆಲದ ಮೇಲೆ ಕೂತಿದ್ದರು. ಅತ್ತೆ ಒಂದೇ ಒಂದು ಸಲ ನನ್ನೆದುರು ಆ ಮಾತೆತ್ತಿದರು: “ನಿಮ್ಮಪ್ಪಂಗೆ ಹೇಳು, ಇವರು ಅದನ್ನ ಅವರಿಗೋಸ್ಕರ ಮಾಡಿದ್ದಲ್ಲ, ಮುಜುಗರ ಪಡ್ಬಾರ್ದಂತೆ ಅಂತ.” ಯಾರಿಗೋಸ್ಕರ ಮಾಡಿದ್ದು ಎಂದು ಅತ್ತೆ ಹೇಳಲಿಲ್ಲ. ನನಗೆ ಗೊತ್ತಿತ್ತು. ಕ್ಷಮಿಸಿ ಮಾಮ ಎನ್ನುವಷ್ಟು ಕನ್ನಡ ಮಾತ್ರ ನನಗೆ ಯಾವತ್ತೂ ಬಾಯಿಗೆ ಬರಲಿಲ್ಲ. ಎಷ್ಟಾದರೂ ಪದವೀಧರೆ.

ಅಪ್ಪನಿಗೆ ಸೋಮವಾರ ಪಾಸು ವಾಪಸು ಸಿಕ್ಕಿತು. ಮನೆಯಲ್ಲಿ ಅನ್ನ ಬೆಂದಿತು. ಫೌಂಡ್ರಿಯಲ್ಲಿ ಅದೇ ವಾರ ಹೊಸ ಬೋರ್ಡು ಹಾಕಿದರು: ಅಧಿಕೃತ ವ್ಯಕ್ತಿಗಳ ಹೊರತು ಯಾರೂ ಕ್ರೇನಿಗೆ ಸನ್ನೆ ಮಾಡತಕ್ಕದ್ದಲ್ಲ. ಕ್ರೇನಿಗೆ ಹೊಸ ಆಪರೇಟರು ಬಂದಿದ್ದ, ಸೂಪರ್‌ವೈಸರ ಕಡೆಯವನು, ಆತುರದಲ್ಲಿ ಅವನನ್ನೂ ಮೀರಿಸುವವನು. ಇದನ್ನೆಲ್ಲ ಅಪ್ಪ ಊಟ ಮಾಡುತ್ತ ಹೇಳಿದರು. ಬೋರ್ಡಿನಲ್ಲಿ ಏನು ಬರೆದಿದೆ ಎಂದು ಅವರಿಗೆ ಯಾರೋ ಓದಿ ಹೇಳಿದ್ದರು.

ನಾನು ಕೇಳಿದೆ, “ಅಪ್ಪ, ಇನ್ನೊಂದು ಸಲ ಹಂಗಾದ್ರೆ ಕೈ ಎತ್ತೀಯಾ?”

ಅಪ್ಪ ತಟ್ಟೆಯಲ್ಲಿ ಕೈ ತೊಳೆದುಕೊಂಡು ಎದ್ದರು. “ಎತ್ತೋಕೇನಮ್ಮ, ಎತ್ತಬೌದು,” ಅಂದರು. “ಮೇಲೆ ನೋಡೋರು ಯಾರಿದಾರೆ?”